ನೆನಪಾಗ್ತದ: ಡಾಬಕಾ ಸೀಮೆಯ ಎಳ್ಳ ಅಮಾವಾಸ್ಯೆ ಮತ್ತು ಮುಂಬರುವ ಹಳಹಳಿಕೆ

ಮಹಾರಾಷ್ಟ್ರದ ಗಡಿಗೆ ಹತ್ತಿದ ಔರಾದ ಸೀಮೆಯ ಡಾಬಕಾದಂಥ ಊರುಗಳಿಗೆ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹೈದರಾಬಾದ್, ಪುಣೆಗಳಿಂದ ಮಕ್ಕಳು ಮೊಮ್ಮಕ್ಕಳು ಬಂದಿಳಿಯುತ್ತಾರೆ. ಹೊಲದಲ್ಲಿ ಜೋಳದ ದಂಟಿನ ಕೊಂಪೆ, ಒಳಗೆ ಐದು ಕಲ್ಲುಗಳ ಪಾಂಡವರು. ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿದ ಮೇಲೆ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ. ಹಸಿ ತೊಗರಿ, ಅವರೆ, ಕಡಲೆ, ಸಿಕ್ಕ ಸೊಪ್ಪೆಲ್ಲ ಹುಣಸೆ ಹುಳಿಯಲ್ಲಿ ಬೆಂದು ಕಡಲೆ ಹಿಟ್ಟಿನಿಂದ ಗಟ್ಟಿಯಾಗುವ ಈ ಭಜ್ಜಿಗೂ ಎಣ್ಣೆಯಲ್ಲಿ ಕರಿದ ಬಜ್ಜಿಗೂ ಹೆಸರಿನದಷ್ಟೇ ನಂಟು. ಉಣ್ಣುತ್ತಲೇ ಯಾರಾದರೂ ಅನ್ನುವುದುಂಟು: “ಇದು ಭಾಳ ನೆನಪಾಗ್ತದ ನೋಡ್ರಿ.”

‘ನೆನಪಾಗ್ತದ’ ಈಗಿನದೂ ಹೌದು, ಮುಂದಿನದೂ ಹೌದು. ಕನ್ನಡದ ಕ್ರಿಯಾಪದ ಇಲ್ಲಿ ಗೆರೆ ಎಳೆಯುವುದಿಲ್ಲ. ಮನಶ್ಶಾಸ್ತ್ರ ಆ ಗೆರೆ ಎಳೆಯಹೊರಟದ್ದು ತೀರ ಈಚೆಗೆ. 1688ರಲ್ಲಿ ವೈದ್ಯಕೀಯ ವಿದ್ಯಾರ್ಥಿ ಯೋಹಾನೆಸ್ ಹೋಫರ್ ‘ನಾಸ್ಟಾಲ್ಜಿಯಾ’ (ಹಳಹಳಿಕೆ) ಎಂಬ ಪದ ಕಟ್ಟಿದಾಗ ಅದು ಊರು ಬಿಟ್ಟವರ ಕಾಯಿಲೆಯ ಹೆಸರು. 2016ರಲ್ಲಿ ಕ್ರಿಸ್ಟೀನ್ ಬಾಚೊ ಮತ್ತು ಸಿಮ್ರನ್ ಶಿಖ್, ಕೈಲಿರುವುದು ಜಾರುವ ಮೊದಲೇ ಅದಕ್ಕಾಗಿ ಹಂಬಲಿಸುವ ಸ್ಥಿತಿಯನ್ನು ಅಳೆದರು. ಅದು ದುಃಖದ ಕಡೆಗೆ ವಾಲುತ್ತದೆ. ವಿಂಗ್-ಯೀ ಚೆಯುಂಗ್ ಮತ್ತು ಸಂಗಡಿಗರು 2020ರಲ್ಲಿ ಬರೆದದ್ದು ಬೇರೆಯದರ ಬಗ್ಗೆ: ‘ಮುಂದೆ ಇದನ್ನು ನೆನೆದೇನು’ ಎಂಬ ಎಣಿಕೆ. ಅದು ಸವಿಯುವುದರ ಜೊತೆಗಾರ. ಪದವಿ ಮುಗಿಸುತ್ತಿದ್ದ ವಿದ್ಯಾರ್ಥಿಗಳಲ್ಲಿ ಹೀಗೆ ಎಣಿಸಿದವರು ಕೆಲ ತಿಂಗಳ ಬಳಿಕ ಹೆಚ್ಚು ಹಳಹಳಿಸಿದ್ದೂ ಕಂಡಿತು.

ಹೊಲದ ಪಂಕ್ತಿಯಲ್ಲಿ ಇವೆರಡೂ ಒಟ್ಟಿಗೇ ಕೂತಿರುತ್ತವೆ. ಮಗ ಎರಡನೇ ಸಲ ಅಂಬಲಿ ಹಾಕಿಸಿಕೊಂಡು ಮೊಬೈಲಿನಲ್ಲಿ ಪಟ ತೆಗೆಯುತ್ತಾನೆ. ಬಡಿಸುವ ತಾಯಿಯ ಲೆಕ್ಕವೆಲ್ಲ ನಾಳೆಯ ಬಸ್ಸಿನದು. (ಪಟ ತೆಗೆಯುವವರನ್ನು ಬೈಯುವುದು ಸುಲಭ. ಆದರೆ ಅಡ್ಡಿಯಾಗದಿದ್ದರೆ ಫೋಟೊ ತೆಗೆಯುವುದು ಅನುಭವದಲ್ಲಿ ಇನ್ನಷ್ಟು ತೊಡಗಿಸುತ್ತದೆ ಎಂದು ಕ್ರಿಸ್ಟಿನ್ ಡೀಲ್ ಮತ್ತು ಸಂಗಡಿಗರ 2016ರ ಪ್ರಯೋಗಗಳು ತೋರಿಸಿವೆ.) ನನ್ನ ತಕರಾರು ಒಂದೇ: ಆ ಹಂಬಲವನ್ನೂ ಈ ಎಣಿಕೆಯನ್ನೂ ಅಧ್ಯಯನಗಳು ಒಬ್ಬೊಬ್ಬರ ಮನಸ್ಸಿನೊಳಗೆ ಹುಡುಕುತ್ತವೆ. ಇಲ್ಲಿ ಒಬ್ಬರ ಸಂಕಟವೇ ಇನ್ನೊಬ್ಬರ ನಾಳಿನ ನೆನಪನ್ನು ಸಿದ್ಧಮಾಡುತ್ತದೆ. ಅದಕ್ಕೆ ಇಟ್ಟ ಹೆಸರು ಬುತ್ತಿ.

ಬುತ್ತಿ ಕಟ್ಟಿದ ಭಜ್ಜಿಗೆ ಮರುದಿನಕ್ಕೆ ರುಚಿ ಹೆಚ್ಚು ಎನ್ನುತ್ತಾರೆ. ಬಿಸಿ ಆರುವ ಮೊದಲು ಮುಚ್ಚಳ ಹಾಕಿದರೆ ಹಳಸುತ್ತದೆ. ಅದಕ್ಕೇ ಬಸ್ಸಿನ ಹೊತ್ತಾದರೂ ಡಬ್ಬಿ ಇನ್ನೂ ತೆರೆದೇ ಇರುತ್ತದೆ.