ಗುಂಡ್ಲು ಹೊಳೆಯ ದಂಡೆಯ ಪೇಟೆ

ಗುಂಡ್ಲುಪೇಟೆಯ ಹಳೆಯ ಹೆಸರು ವಿಜಯಪುರ. ಊರೊಳಗಿನ ವಿಜಯನಾರಾಯಣಸ್ವಾಮಿ ದೇವಸ್ಥಾನದ ಹೆಸರಿನಲ್ಲಿ ಅದರ ಗುರುತು ಇನ್ನೂ ಉಳಿದಿದೆ. ಈಗಿನ ಹೆಸರು ಪಕ್ಕದಲ್ಲೇ ಹರಿಯುವ ಹೊಳೆಯದು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಯ ನೀರನ್ನು ಕೂಡಿಸಿಕೊಂಡು ಗುಂಡ್ಲು ಉತ್ತರಕ್ಕೆ ಸಾಗಿ ನಂಜನಗೂಡಿನ ಬಳಿ ಕಬಿನಿಯನ್ನು ಸೇರುತ್ತದೆ. ಕ್ಷೇತ್ರಪುರಾಣಗಳು ಇದನ್ನೇ ಕೌಂಡಿನ್ಯಾ ನದಿ ಎನ್ನುತ್ತವೆ. ಕೊಳ್ಳೇಗಾಲದ ಕಡೆಯ ಗುಂಡಾಲ್ ಜಲಾಶಯ ಬೇರೆಯೇ ಹಳ್ಳದ್ದು. ಹೆಸರು ಕೇಳಿ ಎರಡನ್ನೂ ಒಂದೆನ್ನುವುದು ತಪ್ಪು.

ಈ ಸೀಮೆಯ ಹಿರಿಯ ಊರು ಮಾತ್ರ ಗುಂಡ್ಲುಪೇಟೆಯಲ್ಲ, ಚಾಮರಾಜನಗರದ ದಾರಿಯಲ್ಲಿರುವ ತೆರಕಣಾಂಬಿ. ಕೋಟೆ, ದೊಡ್ಡ ದೇವಾಲಯಗಳು, ವಿಜಯನಗರದ ಕಾಲದ ಅಧಿಕಾರ ಎಲ್ಲವೂ ಅಲ್ಲಿದ್ದವು. ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಅದು ಮೈಸೂರು ಒಡೆಯರ ಕೈಸೇರಿತು. ಪಾಳು ಬೀಳುತ್ತಿದ್ದ ವಿಜಯಪುರಕ್ಕೆ ಮತ್ತೆ ಕಳೆ ಬಂದದ್ದು ಅದೇ ಶತಮಾನದ ಉತ್ತರಾರ್ಧದಲ್ಲಿ, ಅರಮನೆಯೊಳಗಿನ ಒಂದು ಸಂಕಟದ ದೆಸೆಯಿಂದ.

ಕಂಠೀರವ ನರಸರಾಜ ಒಡೆಯರು 1659ರಲ್ಲಿ ತೀರಿಕೊಂಡ ಮೇಲೆ ಪಟ್ಟ ದೇವರಾಜ ಒಡೆಯರಿಗೆ ಹೋಯಿತು. ಮುಂದೆ ಹಕ್ಕು ಕೇಳಬಹುದಾಗಿದ್ದ ತರುಣ ಚಿಕ್ಕದೇವರಾಜರನ್ನು ರಾಜಧಾನಿಯಿಂದ ದೂರ, ಇಂದಿನ ಊಟಿ ರಸ್ತೆಯಲ್ಲಿರುವ ಹಂಗಳದಲ್ಲಿ ಇರಿಸಲಾಯಿತು. ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತರು ಅವರಿಗೆ ಒತ್ತಾಸೆಯಾದದ್ದು ಆ ವರ್ಷಗಳಲ್ಲಿ. ಚಿಕ್ಕದೇವರಾಜರ ತಂದೆ ದೊಡ್ಡದೇವರಾಜರು ಪಟ್ಟ ಕಾಣದೆ ಈ ಸೀಮೆಯಲ್ಲೇ ಕಾಲವಾದರು. ಅಂತ್ಯಸಂಸ್ಕಾರ ಗುಂಡ್ಲು ದಂಡೆಯಲ್ಲಿ ನಡೆಯಿತು. 1673ರಲ್ಲಿ ಸಿಂಹಾಸನವೇರಿದ ಮಗ ವಿಶಾಲಾಕ್ಷ ಪಂಡಿತರನ್ನು ಮಂತ್ರಿ ಮಾಡಿಕೊಂಡರು, ತಂದೆಯ ಚಿತೆ ಉರಿದ ಜಾಗದಲ್ಲಿ ಪರವಾಸುದೇವನ ದೇವಾಲಯ ಕಟ್ಟಿಸಿದರು, ಅದಕ್ಕೊಂದು ಅಗ್ರಹಾರವನ್ನೂ ಉಂಬಳಿಯನ್ನೂ ಸೇರಿಸಿದರು. ಊರನ್ನು ಜೀರ್ಣೋದ್ಧಾರ ಮಾಡಿ ಪೇಟೆಯಾಗಿ ಬೆಳೆಸಿದವರೂ ಅವರೇ.

ದೇವರ ಆಯ್ಕೆಯನ್ನು ಗಮನಿಸಬೇಕು. ಶ್ರೀವೈಷ್ಣವ ಸಿದ್ಧಾಂತದಲ್ಲಿ ವಿಷ್ಣುವಿಗೆ ಪರ, ವ್ಯೂಹ, ವಿಭವ, ಅಂತರ್ಯಾಮಿ, ಅರ್ಚಾ ಎಂದು ಐದು ನೆಲೆಗಳು. ಮೊದಲನೆಯ ಪರವಾಸುದೇವ ವೈಕುಂಠದಲ್ಲಿ ಆದಿಶೇಷನ ಮೇಲೆ ಕುಳಿತವನು, ಮುಕ್ತರಾದವರು ಸೇರಬೇಕಾದ ಸನ್ನಿಧಿಯ ಒಡೆಯ. ರಾಮನಿಗೋ ಕೃಷ್ಣನಿಗೋ ಗುಡಿಯೆತ್ತುವುದು ಸಾಮಾನ್ಯ. ಪರವಾಸುದೇವನ ಗುಡಿಗಳು ವಿರಳ. ಗತಿಸಿದ ತಂದೆಗಾಗಿ ಕಟ್ಟಿದ ಗುಡಿಗೆ ಇದಕ್ಕಿಂತ ಒಪ್ಪುವ ದೇವರು ಇನ್ನೊಬ್ಬನಿಲ್ಲ. ಕಾಲಕ್ರಮದಲ್ಲಿ ಅಗ್ರಹಾರ ಕ್ಷೀಣಿಸಿತು, ಹೊಳೆದಂಡೆಯ ದೇವಾಲಯ ಶಿಥಿಲವಾಯಿತು, ಉತ್ಸವಮೂರ್ತಿಯನ್ನು ವಿಜಯನಾರಾಯಣಸ್ವಾಮಿ ದೇವಸ್ಥಾನಕ್ಕೆ ತರಲಾಯಿತು.

ಅಗ್ರಹಾರ ಹೋದರೂ ಪೇಟೆ ಉಳಿದದ್ದಕ್ಕೆ ಕಾರಣ ದಾರಿ. ಮೈಸೂರಿನಿಂದ ಸುಮಾರು 60 ಕಿ.ಮೀ. ದೂರದ ಈ ಊರಿನಲ್ಲಿ ರಸ್ತೆ ಕವಲೊಡೆಯುತ್ತದೆ: ಒಂದು ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ವಯನಾಡಿನ ಸುಲ್ತಾನ್ ಬತ್ತೇರಿ ಹಾದು ಕೋಳಿಕ್ಕೋಡಿಗೆ. ರೈಲು ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಯಿತೇ ಹೊರತು ಇತ್ತ ಬರಲಿಲ್ಲ. ಹಾಗಾಗಿ ಇಲ್ಲಿನ ವ್ಯಾಪಾರವೆಲ್ಲ ಮೊದಲು ಗಾಡಿಯದು, ಆಮೇಲೆ ಲಾರಿಯದು. ಅರಿಸಿನ, ಬಾಳೆ, ಸಣ್ಣ ಈರುಳ್ಳಿ, ಚೆಂಡು ಹೂ, ತರಕಾರಿ ಸುತ್ತಲ ಹೊಲಗಳಿಂದ ಬಂದು ಘಟ್ಟದಾಚೆಗೆ ಸಾಗುತ್ತವೆ. ಓಣಂ ಹತ್ತಿರವಾದರೆ ಹೂವು, ತರಕಾರಿಗೆ ಬೇಡಿಕೆ ಏರುತ್ತದೆ. ಕನ್ನಡದ ಜೊತೆಗೆ ಮಲಯಾಳ, ತಮಿಳು, ಉರ್ದು ಕಿವಿಗೆ ಬೀಳುವುದು ಇಲ್ಲಿ ನಿತ್ಯದ ಸಂಗತಿ. 2009ರಿಂದ ಬಂಡೀಪುರ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ ಲಾರಿಗಳ ವೇಳಾಪಟ್ಟಿಯೂ ಬದಲಾಯಿತು. ವರ್ತಕರ ದೂರು ಇದ್ದದ್ದೇ. ಕಾಡುಪ್ರಾಣಿಗಳ ಪಾಲಿಗೆ ಅದು ಒಳ್ಳೆಯ ತೀರ್ಮಾನ.

ರಾಜ್ಯದ ರಾಜಕಾರಣಕ್ಕೆ ಈ ಪುಟ್ಟ ಊರು ಕೊಟ್ಟವರು ಪುಟ್ಟವರಲ್ಲ. ಗುಂಡ್ಲುಪೇಟೆ ಕ್ಷೇತ್ರವನ್ನು ಪ್ರತಿನಿಧಿಸಿದ ಕೆ.ಎಸ್. ನಾಗರತ್ನಮ್ಮನವರು 1972ರಲ್ಲಿ ಕರ್ನಾಟಕ ವಿಧಾನಸಭೆಯ ಮೊದಲ ಮಹಿಳಾ ಅಧ್ಯಕ್ಷೆಯಾದರು. ಇಲ್ಲಿಯವರೇ ಆದ ಅಬ್ದುಲ್ ನಜೀರ್ ಸಾಬ್ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಪಂಚಾಯತ್ ರಾಜ್ ಸಚಿವರಾಗಿ ಜಿಲ್ಲಾ ಪರಿಷತ್ತುಗಳಿಗೆ ಅಧಿಕಾರ ಹಂಚಿದರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡರು. ಬೇಸಿಗೆಯಲ್ಲಿ ಬತ್ತುವ ಹೊಳೆಯ ಊರಿನವರಿಗೆ ಕೊಡ ಹಿಡಿದು ಕಾಯುವ ಹೆಂಗಸರ ಕಷ್ಟ ಯಾರೂ ಹೇಳಿಕೊಡಬೇಕಾದದ್ದಲ್ಲ.

ಹೊಳೆ ಈಗ ಮಳೆಗಾಲದ ಹೊಳೆ. ತಾಲ್ಲೂಕು ಬಹುಕಾಲ ನೆಚ್ಚಿದ್ದು ಕೆರೆಗಳನ್ನು, ಆಮೇಲೆ ಕೊಳವೆಬಾವಿಗಳನ್ನು. ಅಂತರ್ಜಲ ಕುಸಿದಂತೆ ಎರಡೂ ಸಾಲದಾದವು. ಕಬಿನಿಯ ನೀರನ್ನು ಪಂಪ್ ಮಾಡಿ ಹುತ್ತೂರು ಕೆರೆಗೂ ಅಲ್ಲಿಂದ ಬೇರೆ ಕೆರೆಗಳಿಗೂ ತುಂಬಿಸುವ ಯೋಜನೆ ಬಂದದ್ದು ಇದರಿಂದಲೇ. ಗುಂಡ್ಲು ತನ್ನ ನೀರನ್ನು ಒಪ್ಪಿಸುವುದು ಕಬಿನಿಗೆ. ಗುಂಡ್ಲುಪೇಟೆ ತಾಲ್ಲೂಕಿನ ಕೆರೆಗಳು ಇಂದು ಕಾಯುವುದೂ ಅದೇ ಕಬಿನಿಯ ನೀರಿಗೆ.