ಪ್ರಾಗ್ ನಗರದ ಬಾಲಯೇಸು

ಜನವರಿ ತಿಂಗಳು ಬಂತೆಂದರೆ ಬೆಂಗಳೂರಿನ ವಿವೇಕನಗರದಲ್ಲಿ, ಮಂಗಳೂರಿನ ಬಿಕರ್ನಕಟ್ಟೆಯ ಕಾರ್ಮೆಲ್ ಗುಡ್ಡದಲ್ಲಿ ಬಾಲಯೇಸುವಿನ ಹಬ್ಬದ ಸಡಗರ. ಗುರುವಾರದ ನೊವೇನ ತಪ್ಪಿಸದ ಕುಟುಂಬಗಳು ನಮ್ಮಲ್ಲಿ ಸಾಕಷ್ಟಿವೆ. ತಲೆಯ ಮೇಲೆ ಕಿರೀಟ, ಎಡಗೈಯಲ್ಲಿ ಶಿಲುಬೆ ಇರುವ ಭೂಗೋಳ, ಆಶೀರ್ವದಿಸಲು ಎತ್ತಿದ ಬಲಗೈ: ಈ ಪುಟ್ಟ ಸ್ವರೂಪ ಇಲ್ಲದ ಕ್ರೈಸ್ತ ಮನೆಗಳು ಕಡಿಮೆಯೇ. ಆ ಸ್ವರೂಪದ ಮೂಲ ಇರುವುದು ಚೆಕ್ ಗಣರಾಜ್ಯದ ರಾಜಧಾನಿಯಾದ ಪ್ರಾಗ್ ನಗರದಲ್ಲಿ.

ಯೂರೋಪ್ ಪ್ರವಾಸಕ್ಕೆ ಹೋಗುವ ನಮ್ಮವರು ಈಗ ಪ್ರಾಗ್ ನಗರವನ್ನೂ ನೋಡಿ ಬರುತ್ತಾರೆ. ಹಳೇಪೇಟೆಯ ಚೌಕದಲ್ಲಿ 1410ರ ಗಡಿಯಾರ, ವಲ್ತಾವಾ ನದಿಯ ಮೇಲಿನ ಚಾರ್ಲ್ಸ್ ಸೇತುವೆ, ಗುಡ್ಡದ ಮೇಲಿನ ಅರಮನೆ, ಕೊನೆಗೆ ಅರ್ಧ ಗಂಟೆ ಬಾಲಯೇಸುವಿನ ದೇವಾಲಯ. ಮೇಣದಬತ್ತಿ ಹಚ್ಚಿ, ಫೋಟೋ ತೆಗೆದು ಬಸ್ಸು ಹತ್ತುವುದು ವಾಡಿಕೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅರಮನೆಯ ಕಿಟಕಿಗೂ ಚೌಕದ ನೆಲಹಾಸಿಗೂ ಬಾಲಯೇಸುವಿನ ದೇವಾಲಯಕ್ಕೂ ಇರುವ ಸಂಬಂಧವನ್ನು ತಿಳಿದು ನೋಡಿದರೆ ಆ ಪುಟ್ಟ ಸ್ವರೂಪ ಬೇರೆಯಾಗಿಯೇ ಕಾಣುತ್ತದೆ. ಆದ್ದರಿಂದ ಅರಮನೆಯಿಂದಲೇ ಆರಂಭಿಸೋಣ.

1618ರ ಮೇ 23ರಂದು ಪ್ರಾಟೆಸ್ಟೆಂಟ್ ಪಂಗಡದ ಶ್ರೀಮಂತರು ಅರಮನೆಗೆ ನುಗ್ಗಿ, ಕಥೋಲಿಕ ಚಕ್ರವರ್ತಿಯ ಇಬ್ಬರು ಅಧಿಕಾರಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಕಿಟಕಿಯಿಂದ ಹೊರಕ್ಕೆ ಎಸೆದರು. ಅಷ್ಟೆತ್ತರದಿಂದ ಬಿದ್ದರೂ ಮೂವರೂ ಬದುಕಿದರು. ಮಾತೆ ಮರಿಯಮ್ಮನವರು ಕಾಪಾಡಿದರೆಂದು ಕಥೋಲಿಕರು ಹೇಳಿದರು. ಕೆಳಗಿದ್ದ ಕಸದ ರಾಶಿ ಕಾಪಾಡಿತೆಂದು ಪ್ರಾಟೆಸ್ಟೆಂಟರು ನಕ್ಕರು. ಬಿದ್ದ ಅಧಿಕಾರಿಗಳಿಗೆ ಹತ್ತಿರದ ತನ್ನ ಮನೆಯಲ್ಲಿ ಆಶ್ರಯ ಕೊಟ್ಟವಳು ಪೊಲಿಕ್ಸೆನಾ ಲೊಬ್ಕೊವಿಟ್ಸ್ ಎಂಬ ಕುಲೀನ ಮಹಿಳೆ. ಈ ಹೆಸರು ಮತ್ತೆ ಬರುತ್ತದೆ, ನೆನಪಿರಲಿ.

ಯೂರೋಪನ್ನು ಮೂವತ್ತು ವರ್ಷ ಸುಟ್ಟ ಯುದ್ಧಕ್ಕೆ ಈ ಘಟನೆಯೇ ಕಿಡಿಯಾಯಿತು. ಎರಡೂ ಕಡೆ ಇದ್ದವರು ಕ್ರಿಸ್ತನ ಹೆಸರು ಹೇಳುವವರೇ. 1620ರ ನವೆಂಬರ್ 8ರಂದು ಪ್ರಾಗ್ ಹೊರವಲಯದ ಬಿಳಿಗುಡ್ಡದಲ್ಲಿ ಕಥೋಲಿಕ ಪಡೆ ಒಂದೆರಡು ಗಂಟೆಯೊಳಗೆ ಗೆದ್ದಿತು. ಆ ಪಡೆಯ ಜೊತೆಗಿದ್ದ ಕಾರ್ಮೆಲ್ ಸಭೆಯ ಫಾದರ್ ದೊಮಿನಿಕ್, ಕ್ರಿಸ್ತಜಯಂತಿಯ ಒಂದು ಸಣ್ಣ ಚಿತ್ರವನ್ನು ಹಿಡಿದು ಸೈನಿಕರನ್ನು ಹುರಿದುಂಬಿಸಿದ್ದರು. ವಿರೋಧಿಗಳು ಆ ಚಿತ್ರದಲ್ಲಿದ್ದವರ ಕಣ್ಣುಗಳನ್ನು ಕೆರೆದು ಹಾಕಿದ್ದರು. ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಶಿಶುವಿನ ಚಿತ್ರ ರಣರಂಗದ ಬಾವುಟವಾದದ್ದು ಹೀಗೆ. ಈ ಸಂಗತಿಯನ್ನು ಹೆಮ್ಮೆಯಿಂದ ಹೇಳುವವರಿದ್ದಾರೆ. ನನಗಂತೂ ಅದನ್ನು ಓದುವಾಗ ಮನಸ್ಸು ಭಾರವಾಗುತ್ತದೆ.

ಮರುವರ್ಷ ಜೂನ್ 21ರಂದು ಹಳೇಪೇಟೆಯ ಚೌಕದಲ್ಲಿ ದಂಗೆಯ 27 ಮುಖಂಡರಿಗೆ ಮರಣದಂಡನೆಯಾಯಿತು. ಹನ್ನೆರಡು ಮಂದಿಯ ತಲೆಗಳನ್ನು ಸೇತುವೆಯ ಗೋಪುರಕ್ಕೆ ತೂಗುಹಾಕಿ ಹತ್ತು ವರ್ಷ ಹಾಗೆಯೇ ಬಿಟ್ಟರು. ಗಡಿಯಾರ ನೋಡಲು ಕತ್ತೆತ್ತಿ ನಿಲ್ಲುವ ಪ್ರವಾಸಿಗರು ಅಲ್ಲೇ ಪಕ್ಕದಲ್ಲಿ ತಲೆ ಬಗ್ಗಿಸಿದರೆ, ನೆಲಹಾಸಿನಲ್ಲಿ 27 ಬಿಳಿ ಶಿಲುಬೆಗಳು ಕಾಣುತ್ತವೆ.

ಈಗ ಬಾಲಯೇಸುವಿನ ದೇವಾಲಯಕ್ಕೆ ಬರೋಣ. ನದಿಯ ಈಚೆ ದಡದಲ್ಲಿ, ಅರಮನೆಯ ಗುಡ್ಡದ ಕೆಳಗೆ ಮಾಲಾ ಸ್ತ್ರಾನಾ ಎಂಬ ಬಡಾವಣೆಯಲ್ಲಿ ಅದು ಇದೆ. ಅದನ್ನು ಕಟ್ಟಿದವರು ಕಥೋಲಿಕರಲ್ಲ. ಜರ್ಮನ್ ಲುಥೆರನರು 1611ರಿಂದ 1613ರ ಅವಧಿಯಲ್ಲಿ ಪವಿತ್ರ ತ್ರಿತ್ವದ ಹೆಸರಿನಲ್ಲಿ ಕಟ್ಟಿಸಿದ್ದರು. ಬಿಳಿಗುಡ್ಡದ ಗೆಲುವಿನ ನಂತರ, 1624ರಲ್ಲಿ ಅದು ಕಾರ್ಮೆಲ್ ಸಭೆಯ ಪಾಲಾಯಿತು. ವಿಜಯಮಾತೆಯ ದೇವಾಲಯವೆಂಬ ಹೆಸರು ಬಂತು. ವಿಜಯ ಎಂದರೆ ಪಾಪದ ಮೇಲಿನ ವಿಜಯವೆಂದು ನಾವು ಅರ್ಥ ಮಾಡಿಕೊಳ್ಳುತ್ತೇವೆ, ಸರಿಯೇ. ಆದರೆ ಅಂದು ಆ ಹೆಸರಿಟ್ಟವರ ಮನಸ್ಸಿನಲ್ಲಿದ್ದದ್ದು ಬಿಳಿಗುಡ್ಡ.

ಸ್ವರೂಪದ ಕಥೆ ಇದಕ್ಕಿಂತ ಹಳೆಯದು. ಮರದ ಮೇಲೆ ಮೇಣ ಲೇಪಿಸಿ ಮಾಡಿದ, ಸುಮಾರು 47 ಸೆಂಟಿಮೀಟರ್ ಎತ್ತರದ ಈ ಸ್ವರೂಪ ಸ್ಪೇನ್ ದೇಶದ್ದು. 1556ರಲ್ಲಿ ಬೊಹೆಮಿಯಾ ನಾಡಿನ ಶ್ರೀಮಂತನನ್ನು ಮದುವೆಯಾದ ಮರಿಯಾ ಮನ್ರಿಕೆ ದೆ ಲಾರಾ ಅದನ್ನು ತವರಿನಿಂದ ತಂದಳು. ಮುಂದೆ ಮಗಳ ಮದುವೆಗೆ ಉಡುಗೊರೆಯಾಗಿ ಕೊಟ್ಟಳು. ಆ ಮಗಳೇ ಪೊಲಿಕ್ಸೆನಾ. ಗಂಡನನ್ನು ಕಳೆದುಕೊಂಡ ಪೊಲಿಕ್ಸೆನಾ 1628ರಲ್ಲಿ ತನ್ನ ಪ್ರೀತಿಯ ಬಾಲಯೇಸುವನ್ನು ಕಾರ್ಮೆಲ್ ಗುರುಗಳಿಗೆ ಒಪ್ಪಿಸಿದಳು.

ಅದೇ 1628ರಲ್ಲಿ, ಕಥೋಲಿಕರಾಗಬೇಕು ಇಲ್ಲವೇ ನಾಡು ಬಿಡಬೇಕು ಎಂಬ ಆಜ್ಞೆಯ ಕಾಲದಲ್ಲಿ, ಪ್ರಾಟೆಸ್ಟೆಂಟ್ ಬೋಧಕ ಕೊಮೆನಿಯಸ್ ತನ್ನ ನಾಡನ್ನು ತೊರೆದು ಹೋದ. ಮಕ್ಕಳ ಶಿಕ್ಷಣದ ಬಗ್ಗೆ ಆತ ಬರೆದದ್ದನ್ನು ಇಂದಿಗೂ ಜಗತ್ತು ಗೌರವಿಸುತ್ತದೆ. ಆತ ಮರಳಿ ಬಂದು ನೆಲೆಸಲಾಗಲಿಲ್ಲ.

ಯುದ್ಧ ತಿರುಗಿತು. 1631ರಲ್ಲಿ ಸ್ಯಾಕ್ಸನಿಯ ಸೈನ್ಯ ಪ್ರಾಗ್ ನಗರವನ್ನು ಹಿಡಿಯಿತು. ಗೋಪುರದ ಮೇಲಿನ ತಲೆಗಳನ್ನು ಇಳಿಸಿದರು. ಕಾರ್ಮೆಲ್ ಮಠವನ್ನು ದೋಚಿದರು. ಬಾಲಯೇಸುವಿನ ಸ್ವರೂಪವನ್ನು ಪೀಠದ ಹಿಂದಿನ ಕಸದಲ್ಲಿ ಎಸೆದರು, ಎರಡೂ ಕೈಗಳು ಮುರಿದುಹೋದವು. ಮುಂದೆ ಗುರುಗಳು ಮರಳಿದರೂ ಆ ಸ್ವರೂಪ ಯಾರ ನೆನಪಿಗೂ ಬರಲಿಲ್ಲ ಎಂಬುದು ಇನ್ನೂ ನೋವಿನ ಸಂಗತಿ. 1637ರಲ್ಲಿ ಫಾದರ್ ಸಿರಿಲ್ ಹುಡುಕಿ ತೆಗೆದರು. ತನಗೆ ಕೈಗಳನ್ನು ಕೊಟ್ಟರೆ ತಾನು ಶಾಂತಿಯನ್ನು ಕೊಡುವೆನೆಂದು ಬಾಲಯೇಸು ಅವರಿಗೆ ಹೇಳಿದರೆಂಬುದು ಪರಂಪರೆಯಿಂದ ಬಂದ ಮಾತು. ನೊವೇನಗಳಲ್ಲಿ ನಾವು ಕೆಲಸ, ಮದುವೆ, ವೀಸಾ ಎಲ್ಲವನ್ನೂ ಕೇಳುತ್ತೇವೆ. ಆತ ಮೊದಲು ಮಾತು ಕೊಟ್ಟದ್ದು ಶಾಂತಿಯ ಕುರಿತು, ಅದೂ ಕ್ರೈಸ್ತರು ಕ್ರೈಸ್ತರನ್ನು ಕೊಲ್ಲುತ್ತಿದ್ದ ಊರಿನಲ್ಲಿ.

ಆ ಶಾಂತಿ ಬರಲು 1648 ಆಗಬೇಕಾಯಿತು. ಆ ವರ್ಷ ಸ್ವೀಡನ್ ಸೈನ್ಯ ಮಾಲಾ ಸ್ತ್ರಾನಾವನ್ನೂ ಅರಮನೆಯನ್ನೂ ದೋಚಿತು. ಹಳೇಪೇಟೆಯವರು ಸೇತುವೆಯ ಮೇಲೆ ಅವರನ್ನು ತಡೆದರು. ಪ್ರಾಗ್ ನಗರದಲ್ಲಿ ಹೊತ್ತಿದ್ದು ಪ್ರಾಗ್ ನಗರದಲ್ಲೇ ಆರಿತು. 1655ರಲ್ಲಿ ಬಾಲಯೇಸುವಿಗೆ ಕಿರೀಟಧಾರಣೆಯಾಯಿತು.

ಚಾರ್ಲ್ಸ್ ಸೇತುವೆಯ ಮೇಲೆ ಈಗ ಸಂತರ ಸಾಲೇ ಇದೆ. 1393ರಲ್ಲಿ ಅರಸನ ಅಪ್ಪಣೆಯಂತೆ ಅಲ್ಲಿಂದಲೇ ನದಿಗೆ ಎಸೆಯಲ್ಪಟ್ಟ ಗುರು, ಸಂತ ನೆಪೊಮುಕ್ ಯೊವಾನ್ನರ ಪ್ರತಿಮೆ ಎಲ್ಲಕ್ಕಿಂತ ಹಳೆಯದು, 1683ರದ್ದು. ನಮ್ಮ ಗೋವಾದಲ್ಲಿ ಪವಿತ್ರ ಶರೀರವಿರುವ ಸಂತ ಫ್ರಾನ್ಸಿಸ್ ಕ್ಸೇವಿಯರರೂ ಅಲ್ಲಿದ್ದಾರೆ. 1711ರ ಮೂಲ ಪ್ರತಿಮೆ 1890ರ ಪ್ರವಾಹದಲ್ಲಿ ನದಿಗೆ ಬಿತ್ತು, ಈಗಿರುವುದು ಅದರ ಪ್ರತಿರೂಪ.

ಕಾರ್ಮೆಲ್ ಮಠವನ್ನು ಮುಂದೆ ಮುಚ್ಚಿಸಿದವನು ಲುಥೆರನ್ ಅಲ್ಲ, ಕಥೋಲಿಕ ಚಕ್ರವರ್ತಿ ಎರಡನೇ ಜೋಸೆಫ್, 1784ರಲ್ಲಿ. ಬಾಲಯೇಸುವಿಗೆ ಉಡುಪು ಹೊಲಿದು ಕೊಟ್ಟಳೆಂದು ಹೇಳಲಾಗುವ ರಾಣಿ ಮಾರಿಯಾ ತೆರೇಸಾಳ ಸ್ವಂತ ಮಗ! ಇಪ್ಪತ್ತನೇ ಶತಮಾನದಲ್ಲಿ ಕಮ್ಯುನಿಸ್ಟ್ ಸರ್ಕಾರ 1950ರ ಏಪ್ರಿಲ್‌ನಲ್ಲಿ ಒಂದೇ ರಾತ್ರಿ ದೇಶದ ಮಠಗಳ ಮೇಲೆ ದಾಳಿ ಮಾಡಿಸಿ ಗುರುಗಳನ್ನು ಬಂಧಿಸಿತು. ಮಹಾಧರ್ಮಾಧ್ಯಕ್ಷ ಬೆರಾನ್ ಮೊದಲು ನಾಜಿಗಳ ಡಕಾವ್ ಶಿಬಿರ, ನಂತರ ಕಮ್ಯುನಿಸ್ಟರ ಗೃಹಬಂಧನ ಕಂಡು, ರೋಮಿನಲ್ಲಿ ದೇಶಭ್ರಷ್ಟರಾಗಿ 1969ರಲ್ಲಿ ತೀರಿಕೊಂಡರು. ಮಿಲೊಸ್ಲಾವ್ ವ್ಲ್ಕ್ ಎಂಬ ಗುರುವಿಗೆ 1978ರಲ್ಲಿ ಬಲಿಪೂಜೆ ಅರ್ಪಿಸುವ ಪರವಾನಗಿ ರದ್ದಾಯಿತು. ಅವರು ಎಂಟು ವರ್ಷ ಪ್ರಾಗ್ ನಗರದಲ್ಲಿ ಕಿಟಕಿ ಒರೆಸುವ ಕೆಲಸ ಮಾಡುತ್ತಾ, ಗುಟ್ಟಾಗಿ ಭಕ್ತರಿಗೆ ಸೇವೆ ನೀಡಿದರು. 1989ರಲ್ಲಿ ಆ ಆಡಳಿತ ಕುಸಿಯಿತು. 1991ರಲ್ಲಿ ಅವರೇ ಆ ನಗರದ ಮಹಾಧರ್ಮಾಧ್ಯಕ್ಷರಾದರು. 1993ರಲ್ಲಿ ಕಾರ್ಮೆಲ್ ಗುರುಗಳನ್ನು ಮತ್ತೆ ಕರೆಸಿ ಬಾಲಯೇಸುವಿನ ದೇವಾಲಯವನ್ನು ಅವರಿಗೆ ಒಪ್ಪಿಸಿದರು.

1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಆ ದೇಶದ ಒಲೊಮೊತ್ಸ್ ನಗರದಲ್ಲಿ, ಅಲ್ಲಿನ ಇತಿಹಾಸದಲ್ಲಿ ಕಥೋಲಿಕರು ಇತರರಿಗೆ ಮಾಡಿದ ಅನ್ಯಾಯಗಳಿಗಾಗಿ ಎಲ್ಲ ಕಥೋಲಿಕರ ಪರವಾಗಿ ಕ್ಷಮೆ ಬೇಡಿದರು. ಹಬ್ಬದ ಪ್ರಬೋಧನೆಗಳಲ್ಲಿ ನಾವು ಗುರುಗಳು ಈ ಸಂಗತಿಯನ್ನು ಹೇಳುವುದು ಕಡಿಮೆ.

2021ರ ಜನಗಣತಿಯಲ್ಲಿ ತಾವು ರೋಮನ್ ಕಥೋಲಿಕ ಧರ್ಮಸಭೆಯವರೆಂದು ಬರೆಸಿದ ಚೆಕ್ ಜನರು ನೂರಕ್ಕೆ ಏಳರಷ್ಟು ಮಾತ್ರ. 1991ರಲ್ಲಿ ಅದು ನೂರಕ್ಕೆ 39 ಇತ್ತು. ಆದರೂ ವಿಜಯಮಾತೆಯ ದೇವಾಲಯದಲ್ಲಿ ದಿನವೂ ಜನ ಇರುತ್ತಾರೆ, ಬಹುತೇಕ ಹೊರದೇಶದವರು. ಪೂಜಾಕಾಲಕ್ಕೆ ತಕ್ಕ ಬಣ್ಣದ ಉಡುಪನ್ನು ಧರ್ಮಭಗಿನಿಯರು ಬಾಲಯೇಸುವಿಗೆ ತೊಡಿಸುತ್ತಾರೆ. ಅಲ್ಲಿಗೆ ಹೋಗುವ ನಮ್ಮ ಕುಟುಂಬಗಳು ಬಲಬದಿಯ ಪೀಠದಲ್ಲಿರುವ ಬಾಲಯೇಸುವಿನ ಮುಂದೆ ಪ್ರಾರ್ಥಿಸಿದ ಮೇಲೆ, ಮುಖ್ಯ ಪೀಠದತ್ತಲೂ ಒಮ್ಮೆ ನೋಡಬೇಕು. ಬಿಳಿಗುಡ್ಡಕ್ಕೆ ಒಯ್ದಿದ್ದ ಆ ಕ್ರಿಸ್ತಜಯಂತಿ ಚಿತ್ರದ ಪ್ರತಿ ಅಲ್ಲಿದೆ.