ಹುತ್ತರಿ ಮತ್ತು ಕೊಡಗಿನ ಪ್ರಣಯಕಥನ

ಮುಂಗಾರು ಇಳಿದ ಮೇಲೆ ಕೊಡಗಿನಲ್ಲಿ ಒಂದರ ಹಿಂದೊಂದು ಬರುವ ಮೂರು ಹಬ್ಬಗಳು ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ ಮತ್ತು ಹುತ್ತರಿ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಆಯುಧಪೂಜೆಯ ಹಬ್ಬ. ಅಕ್ಟೋಬರ್ 17ರ ಆಸುಪಾಸಿನಲ್ಲಿ ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವ. ನವೆಂಬರ್ ಕೊನೆ ಇಲ್ಲವೇ ಡಿಸೆಂಬರ್‌ನಲ್ಲಿ ಹೊಸ ಅಕ್ಕಿಯ ಹುತ್ತರಿ. ಪಂಚಾಂಗದ ಲೆಕ್ಕದಲ್ಲಿ ಹುತ್ತರಿ ಶರದೃತುವನ್ನು ದಾಟಿ ಹೇಮಂತಕ್ಕೆ ಕಾಲಿಡುತ್ತದೆ. ಆದರೂ ಕೊಡಗಿನವರ ಮನಸ್ಸಿನಲ್ಲಿ ಈ ಮೂರೂ ಒಂದೇ ಸುಗ್ಗಿಯ ಮೆಟ್ಟಿಲುಗಳು. ಇದೇ ಬೆಟ್ಟಗಳ ನಡುವೆ ಇಪ್ಪತ್ತನೆಯ ಶತಮಾನದಲ್ಲಿ ಕನ್ನಡದ ಒಂದು ವಿಶಿಷ್ಟ ಪ್ರೇಮಕಥಾ ಪರಂಪರೆಯೂ ಬೆಳೆಯಿತು. ಹಬ್ಬವೂ ಕಥೆಯೂ ಇಂದಿಗೂ ಜನರನ್ನು ಕರೆಯುತ್ತಿರುವುದಕ್ಕೆ ಕಾರಣ ಒಂದೇ ಎಂದು ತೋರುತ್ತದೆ: ಮಾಗಿದ್ದನ್ನು ಕೂಡಲೇ ಕೊಯ್ಯದೆ ಗಳಿಗೆಗಾಗಿ ಕಾಯುವ ಸುಖ ಮತ್ತು ಸಂಕಟ ಎರಡರಲ್ಲೂ ಇದೆ.

ಹುತ್ತರಿಯಲ್ಲಿ ಈ ಕಾಯುವಿಕೆ ಕಣ್ಣಿಗೇ ಕಾಣುತ್ತದೆ. ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಇದು ‘ಪುತ್ತರಿ’, ಎಂದರೆ ಹೊಸ ಅಕ್ಕಿ. ರೋಹಿಣಿ ನಕ್ಷತ್ರ ಮತ್ತು ಹುಣ್ಣಿಮೆಯನ್ನು ನೋಡಿ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನವನ್ನು ಗೊತ್ತು ಮಾಡುತ್ತಾರೆ. ನೆರೆ ಕಟ್ಟಲು ಒಂದು ಗಳಿಗೆ, ಕದಿರು ತೆಗೆಯಲು ಒಂದು, ಊಟಕ್ಕೆ ಮತ್ತೊಂದು. ಅಲ್ಲಿಯವರೆಗೆ ಗದ್ದೆಯ ತೆನೆ ಹೊಂಬಣ್ಣಕ್ಕೆ ತಿರುಗಿ ಬಾಗಿ ನಿಂತಿದ್ದರೂ ಕುಡುಗೋಲು ತಾಗಿಸುವವರಿಲ್ಲ.

ಆ ಸಂಜೆ ಒಕ್ಕದವರೆಲ್ಲ, ಎಂದರೆ ಒಂದೇ ಕುಲದವರೆಲ್ಲ, ತಮ್ಮ ಮೂಲಮನೆಯಾದ ಐನ್‌ಮನೆಯಲ್ಲಿ ಸೇರುತ್ತಾರೆ. ಅರಳಿ, ಮಾವು ಮೊದಲಾದ ಐದು ಬಗೆಯ ಎಲೆಗಳನ್ನು ಒಟ್ಟಿಗೆ ಹಿಡಿದು ನಾರಿನಿಂದ ಬಿಗಿಯುವುದೇ ನೆರೆ ಕಟ್ಟುವುದು. ತೂಗುದೀಪವಿರುವ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಿಂದ ಹೊರಟ ಮೆರವಣಿಗೆ ಬೆಳ್ದಿಂಗಳಲ್ಲಿ ಗದ್ದೆಯ ಬದುವಿನ ಮೇಲೆ ಸಾಗುತ್ತದೆ. ಮುಂದೆ ದೀಪ, ನಡುವೆ ಕುಡುಗೋಲು ಹಿಡಿದವನು, ಹಿಂದೆ ಹೆಂಗಸರು, ಮಕ್ಕಳು. ಇಬ್ಬನಿಗೆ ಕಾಲು ಒದ್ದೆಯಾಗುತ್ತದೆ. ಗಳಿಗೆ ಬಂದೊಡನೆ ಕೋವಿಯ ಗುಂಡು ಹಾರುತ್ತದೆ. ಬೆಸಸಂಖ್ಯೆಯಲ್ಲಿ ಕದಿರು ಕೊಯ್ದು ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾರೆ. ಹೆಚ್ಚಲಿ, ತುಂಬಲಿ ಎಂಬುದು ಆ ಕೂಗಿನ ಅರ್ಥ. ಕಣಿವೆಯಾಚೆಯ ಮನೆಯವರ ಗುಂಡಿನ ಸದ್ದೂ ಅದೇ ಹೊತ್ತಿಗೆ ಕೇಳಿಬರುತ್ತದೆ. ಮನೆಗೆ ತಂದ ಕದಿರನ್ನು ಕಂಬಕ್ಕೆ ಕಟ್ಟಿ, ಹೊಸ ಅಕ್ಕಿಯ ಪಾಯಸ, ತಂಬುಟ್ಟು, ಹುತ್ತರಿ ಗೆಣಸು ಉಣ್ಣುತ್ತಾರೆ. ಮುಂದಿನ ದಿನಗಳಲ್ಲಿ ಊರ ಮಂದ್ ಎಂಬ ಬಯಲಿನಲ್ಲಿ ಕೋಲಾಟ. ನಾಲ್ವರು ಗಂಡಸರು ದುಡಿ ಬಾರಿಸುತ್ತ ಹಾಡುವ ಬಾಳೋಪಾಟ್‌ನಲ್ಲಿ ನಾಡಿನ, ದೇವರ, ವೀರರ ಕಥೆಗಳು ಬರುತ್ತವೆ.

ಉಳಿದೆರಡು ಹಬ್ಬಗಳಲ್ಲೂ ಇದೇ ಕಾಯುವ ನಡೆ ಉಂಟು. ನಾಟಿಯ ದಿನಗಳಲ್ಲಿ ಮೂಲೆಗೆ ಸರಿದಿದ್ದ ಕೋವಿ, ಕತ್ತಿಗಳನ್ನು ಕೈಲ್‌ಪೊಳ್ದ್‌ನಂದು ತೋಕ್‌ಪೂ ಎಂಬ ಹೂವಿನಿಂದ ಸಿಂಗರಿಸಿ ಹೊರತೆಗೆಯುತ್ತಾರೆ. ಸಂಕ್ರಮಣದ ಮಾರನೆಯ ಬೆಳಗಿನ ಕಣಿಪೂಜೆಯಂತೂ ಮನೆಯೊಳಗಿನ ಚಿತ್ರ: ಒಂದು ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಮನೆಯಾಕೆಯ ಒಡವೆ ತೊಡಿಸಿ, ಅದನ್ನೇ ಕಾವೇರಮ್ಮನೆಂದು ಕೈಮುಗಿಯುತ್ತಾರೆ. ನದಿಯನ್ನು ಮನೆಮಗಳಾಗಿ ಕಾಣುವ ಈ ಬಳಕೆಯನ್ನು ಬಲ್ಲವರಿಗೆ ಕೊಡಗಿನ ಕಥೆಗಳಲ್ಲಿ ಹೆಣ್ಣೇ ನಡುವೆ ನಿಲ್ಲುವುದು ಸಹಜವೆನಿಸುತ್ತದೆ.

1834ರಲ್ಲಿ ಹಾಲೇರಿ ಅರಸರ ಆಳ್ವಿಕೆ ಮುಗಿದು ಕೊಡಗು ಬ್ರಿಟಿಷರ ಕೈಸೇರಿತು. ಆ ಬಳಿಕ ಹುತ್ತರಿಯನ್ನು ಮೊದಲು ವಿವರವಾಗಿ ಬರೆದಿಟ್ಟವರಲ್ಲಿ 1870ರಲ್ಲಿ ಕೊಡಗಿನ ಕೈಪಿಡಿ ಹೊರತಂದ ಜಿ. ರಿಕ್ಟರ್ ಒಬ್ಬರು. ಹಾಡುಗಳನ್ನು ಒಳಗಿನವರೇ ಕೂಡಿಟ್ಟದ್ದು ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ಯಲ್ಲಿ (1924). ಹಬ್ಬದ ಹಾಡು, ಮದುವೆಯ ಹಾಡು, ಸಾವಿನ ಹಾಡು ಎಲ್ಲವೂ ಕನ್ನಡ ಲಿಪಿಯಲ್ಲಿ ಅಚ್ಚಾದದ್ದರಿಂದ ಕಂಠದಲ್ಲಿದ್ದ ಸಾಹಿತ್ಯ ಮುಂದಿನವರ ಕೈಗೆ ಸಿಕ್ಕಿತು. ಆ ಒಂದು ಪುಸ್ತಕ ಬಾರದಿದ್ದರೆ ಎಷ್ಟೋ ಹಾಡುಗಳು ಹಾಡುವವರ ಜೊತೆಗೇ ಮಣ್ಣಾಗುತ್ತಿದ್ದವು. ಅದಕ್ಕೂ ಮೊದಲು ಹರದಾಸ ಅಪ್ಪಚ್ಚಕವಿ (1868–1944) ಯಯಾತಿ, ಸಾವಿತ್ರಿಯರ ಕಥೆಗಳನ್ನು ಕೊಡವ ತಕ್ಕ್‌ನಲ್ಲಿ ನಾಟಕವಾಗಿಸಿ ರಂಗಕ್ಕೆ ತಂದಿದ್ದರು. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರು (1874–1937) ಬರೆದ ‘ಹುತ್ತರಿ ಹಾಡು’ ಹಬ್ಬದ ಹೆಸರನ್ನು ಕನ್ನಡನಾಡಿಗೆಲ್ಲ ಮುಟ್ಟಿಸಿತು. ದಕ್ಷಿಣ ಕನ್ನಡದಿಂದ ಬಂದ ಮೇಷ್ಟ್ರು ಬರೆದದ್ದನ್ನು ಕೊಡಗು ತನ್ನದೇ ನಾಡಗೀತೆಯಂತೆ ಹಾಡಿಕೊಂಡಿತು.

ಪ್ರೇಮದ ವಿಷಯಕ್ಕೆ ಇಲ್ಲಿ ಮೊದಲು ನೆನೆಯಬೇಕಾದವರು ಕೊಡಗಿನ ಗೌರಮ್ಮ (1912–1939). ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅವರು 27ರ ವಯಸ್ಸಿನಲ್ಲಿ ಹೊಳೆಯ ಸುಳಿಗೆ ಸಿಕ್ಕಿ ತೀರಿಕೊಂಡರು. ‘ಕಂಬನಿ’, ‘ಚಿಗುರು’ ಸಂಕಲನಗಳು ಬಂದದ್ದು ಆಮೇಲೆ. ಎಳೆಯ ವಿಧವೆಯರು, ಗಂಡನಿದ್ದೂ ಒಂಟಿಯಾದ ಹೆಂಗಸರು, ಹೇಳದೆ ಉಳಿದ ಒಲವು ಇವೇ ಅವರ ಕಥೆಗಳ ಒಡಲು. ಗದ್ದೆಯ ತೆನೆಗಾದರೂ ಕೊಯ್ಲಿನ ಗಳಿಗೆ ಬಂದೇ ಬರುತ್ತದೆ. ಅವರ ಹಲವು ನಾಯಕಿಯರಿಗೆ ಆ ಗಳಿಗೆಯನ್ನು ಸಮಾಜ ಕೊಡುವುದೇ ಇಲ್ಲ. ಕನ್ನಡದ ಪ್ರೇಮಕಥೆಗೆ ಇಷ್ಟು ನೇರವಾದ ಪ್ರಶ್ನೆಯನ್ನು ಅಷ್ಟು ಚಿಕ್ಕ ವಯಸ್ಸಿನಲ್ಲಿ ಹಾಕಿದವರು ವಿರಳ.

ಕಾದಂಬರಿಯಲ್ಲಿ ಆ ಸ್ಥಾನ ಭಾರತೀಸುತರದು (1915–1976). ನಾರಾಯಣರಾವ್ ಅವರ ನಿಜನಾಮ. ಕೊಡಗು, ವಯನಾಡಿನ ಕಾಡು, ತೋಟ, ಗಿರಿಜನರ ಬದುಕು ಅವರ ಬರಹದಲ್ಲಿ ಬರಿಯ ಹಿನ್ನೆಲೆಯಾಗಿ ನಿಲ್ಲದೆ ಪಾತ್ರಗಳ ರಕ್ತದಲ್ಲಿ ಹರಿಯುತ್ತದೆ. ‘ಎಡಕಲ್ಲು ಗುಡ್ಡದ ಮೇಲೆ’ ಕಾದಂಬರಿಯ ಮಾಧವಿ ಯುದ್ಧದಲ್ಲಿ ಗಾಯಗೊಂಡ ಸೈನ್ಯಾಧಿಕಾರಿಯ ಹೆಂಡತಿ. ಮನೆಮನೆಯಿಂದ ಸೈನ್ಯಕ್ಕೆ ಜನ ಕಳಿಸಿದ ಕೊಡಗಿನ ಓದುಗರಿಗೆ ಅವಳ ಸಂಕಟ ದೂರದ್ದಾಗಿರಲಾರದು. ಅವಳನ್ನು ಖಳನಾಯಕಿಯಾಗಿಸದೆ, ಕ್ಷಮೆ ಕೇಳಿಸಲೂ ಆತುರಪಡದೆ, ಆಸೆ ಮತ್ತು ಮನೆತನದ ನಡುವೆ ನಿಲ್ಲಿಸಿದ್ದೇ ಆ ಕಾದಂಬರಿಯ ಬಲ. ಪುಟ್ಟಣ್ಣ ಕಣಗಾಲ್ 1973ರಲ್ಲಿ ಅದನ್ನು ತೆರೆಗೆ ತಂದರು. ‘ಬಯಲುದಾರಿ’ (1976), ‘ಗಿರಿಕನ್ಯೆ’ (1977), ‘ಹುಲಿಯ ಹಾಲಿನ ಮೇವು’ (1979) ಚಿತ್ರಗಳೂ ಭಾರತೀಸುತರ ಕೃತಿಗಳಿಂದಲೇ ಬಂದವು. ಕೊನೆಯದರಲ್ಲಿ ರಾಜ್‌ಕುಮಾರ್ ತೊಟ್ಟ ಕುಪ್ಯ, ಚೇಲೆ, ಪೀಚೆಕತ್ತಿಯನ್ನು ಕಂಡೇ ಬಯಲುಸೀಮೆಯ ಎಷ್ಟೋ ಪ್ರೇಕ್ಷಕರು ಕೊಡವ ಉಡುಗೆಯನ್ನು ಗುರುತು ಹಿಡಿದರು. ತ್ರಿವೇಣಿಯವರ ಕಾದಂಬರಿ ‘ಶರಪಂಜರ’ ಚಿತ್ರವಾದಾಗಲೂ (1971) ನಾಯಕಿಯ ಹೆಸರು ಕಾವೇರಿ, ಅವಳ ಹಾಡಿನಲ್ಲಿ ಕೊಡಗು.

ಆಮೇಲೆ ಈ ನೆಲದ ಪ್ರೇಮಕಥೆ ಇಂಗ್ಲಿಷಿಗೂ ದಾಟಿತು. ಕಾವೇರಿ ನಂಬೀಶನ್ ‘ದಿ ಸೆಂಟ್ ಆಫ್ ಪೆಪ್ಪರ್’ (1996) ಬರೆದರು. ಸರಿತಾ ಮಂದಣ್ಣ ಅವರ ‘ಟೈಗರ್ ಹಿಲ್ಸ್’ (2010) 1878ರ ಕೊಡಗಿನಿಂದ ಕಥೆ ಎತ್ತಿಕೊಂಡು ದೇವಿ, ದೇವಣ್ಣ, ಮಾಚು ಎಂಬ ಮೂವರ ಒಲವನ್ನು ತಲೆಮಾರುಗಳಗಲ ಹರಡುತ್ತದೆ. ಮಡಿಕೇರಿಯ ದೀಪಾ ಭಾಸ್ತಿ ಗೌರಮ್ಮನವರ ಕಥೆಗಳನ್ನು 2023ರಲ್ಲಿ ಇಂಗ್ಲಿಷಿಗೆ ತಂದರು.

ಹಬ್ಬದ ನೆಲ ಮಾತ್ರ ಕಿರಿದಾಗುತ್ತಿದೆ. ಕಾಫಿಗೆ ಬೆಲೆ ಬಂದಂತೆ, ಆಳುಗಳು ಸಿಗುವುದು ಕಷ್ಟವಾದಂತೆ ಎಷ್ಟೋ ಭತ್ತದ ಗದ್ದೆಗಳು ಪಾಳು ಬಿದ್ದಿವೆ. ಬೆಂಗಳೂರು, ಮೈಸೂರಿನಲ್ಲಿ ನೆಲೆಸಿದವರು ಅಲ್ಲಿನ ಕೊಡವ ಸಮಾಜಗಳಲ್ಲಿ ಸೇರಿ ಹುತ್ತರಿ ಆಚರಿಸುತ್ತಾರೆ. ಆದರೂ ಆ ಒಂದು ರಾತ್ರಿಗೆಂದು ಐನ್‌ಮನೆಗೆ ಬರುವವರ ಕಾರುಗಳು ಸಂಜೆಯಾಗುವ ಮುಂಚೆಯೇ ಅಂಗಳ ತುಂಬುತ್ತವೆ. ಸ್ವಂತ ಗದ್ದೆ ಉಳಿಯದ ಮನೆಯವರು ನೆರೆಯವರ ಬದುವಿನ ಮೇಲೆ ದೀಪ ಹಿಡಿದು ನಿಂತು, ಇಗ್ಗುತ್ತಪ್ಪನ ಗಳಿಗೆಯನ್ನೇ ಕಾಯುತ್ತಾರೆ.